ಸೊಸೆಯ ಗಂಡನಿಗೆ ಪದ್ಯವಿಲ್ಲ

ನಮ್ಮೂರಿನಲ್ಲಿ ಮನೆಗಳಿಗೆ ಗುರುತು ಹೇಳಿಕೊಡಬೇಕು. ಇವಳು ಸೊಸೆ, ಇವನು ಮೊಮ್ಮಗ, ಇವರು ನಮ್ಮವರು, ಒಳಗೆ ಬಿಟ್ಟುಕೋ ಎಂದು ಹೊಸ್ತಿಲಲ್ಲಿ ನಿಂತು ಓದಿ ಹೇಳದಿದ್ದರೆ ಮನೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ನೆಂಟರಿಗೆ ಮೂರು ದಿನ ಸಲಿಗೆ ಉಂಟು. ನಾಲ್ಕನೆಯ ದಿನ ಎಷ್ಟು ಸೌದೆ ಒಟ್ಟಿದರೂ ಹಂಡೆಯ ನೀರು ಕಾಯುವುದಿಲ್ಲ, ಮಂಚ ಕಿರುಗುಟ್ಟುತ್ತದೆ, ನಡುಮನೆಯ ಬಾಗಿಲವಾಡ ಸರಿಯಾಗಿ ಹಣೆಗೇ ಬಡಿಯುತ್ತದೆ. ನೆಂಟರು ಹಣೆ ಉಜ್ಜಿಕೊಂಡು ಗಂಟು ಕಟ್ಟುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಊರಿನ ಮನೆಗಳು ಕಿವುಡು, ಯಾರು ಬಂದರೂ ಯಾರು ಹೋದರೂ ಅವಕ್ಕೆ ಒಂದೇ. ಅಂಥ ಮನೆಯಲ್ಲಿ ಅವರಿಗೆ ಹೇಗೆ ನಿದ್ದೆ ಬರುತ್ತದೋ ನಾನು ಕಾಣೆ.

ಓದುವುದು ‘ಮನೆಮಂದಿ ಪದ್ಯಾವಳಿ’ಯಿಂದ. ಹಿಂದೆ ಯಾವನೋ ಒಬ್ಬ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಮನೆಗೊಂದರಂತೆ ಮಾರಿ ಹೋದನಂತೆ. ಬರೆದವರು ಯಾರೋ ತಿಳಿಯದು, ಮೊದಲ ಹಾಳೆ ಊರಿನ ಯಾವ ಮನೆಯಲ್ಲೂ ಉಳಿದಿಲ್ಲ. ಆಮೇಲೆ ಅದು ಮತ್ತೆ ಅಚ್ಚಾಗಲೂ ಇಲ್ಲ. ಒಂದು ಮನೆಯ ಪುಸ್ತಕ ಇನ್ನೊಂದು ಮನೆಗೆ ನಡೆಯುವುದಿಲ್ಲವಾದ್ದರಿಂದ ನಾವು ಇದ್ದದ್ದನ್ನೇ ತೇಪೆ ಹಾಕಿ ಹಾಕಿ ಉಳಿಸಿಕೊಂಡಿದ್ದೇವೆ. ನಮ್ಮ ಮನೆಯದರ ರಟ್ಟು ಮೂಲೆಗಳಲ್ಲಿ ಸವೆದು ಗುಂಡಗಾಗಿದೆ. ಬೆನ್ನನ್ನು ನನ್ನ ಅತ್ತೆ ಕೌದಿಯ ದಾರದಲ್ಲಿ ಹೊಲಿದಿದ್ದರು. ‘ಸೊಸೆ’ ಪುಟದಲ್ಲಿ ಅರಿಶಿನದ ಬೆರಳು ಮೂಡಿದೆ, ‘ಬಾಣಂತಿ’ ಪುಟ ಎಣ್ಣೆ ಕುಡಿದು ಆಚೆ ಬದಿ ಕಾಣುತ್ತದೆ, ‘ಮಗ’ ಪುಟದಲ್ಲಿ ಹಾಲಿನ ಕಲೆ. ಬೆಕ್ಕಿಗೂ ಒಂದು ಪದ್ಯವಿತ್ತು, ಅದನ್ನು ಬೆಕ್ಕೇ ಪರಚಿ ಹರಿದಿದೆ.

ಬರೆದವನು ಗಂಡಸೇ ಇರಬೇಕು. ಒಲೆಯ ಹೊಗೆಯನ್ನು ಮುತ್ತೈದೆಯ ಮುಂಗುರುಳು ಎಂದಿದ್ದಾನೆ ಪುಣ್ಯಾತ್ಮ. ಹಸಿ ಸೌದೆಗೆ ಒಂದು ಹೊತ್ತು ಊದುಕೊಳವೆ ಹಿಡಿದಿದ್ದರೆ ಆ ಮಾತು ಬರೆಯುತ್ತಿದ್ದನೇ? ಆದರೂ ಹೇಳುತ್ತೇನೆ, ಆ ಪುಸ್ತಕ ಮುಟ್ಟಿದರೆ ನನಗೆ ತವರಿನ ಸೆರಗು ಮುಟ್ಟಿದ ಹಾಗಾಗುತ್ತದೆ. ಬೈಯುತ್ತೇನೆ, ಕಣ್ಣಿಗೂ ಒತ್ತಿಕೊಳ್ಳುತ್ತೇನೆ.

ನನ್ನ ಹೆಸರು ಸಿದ್ದಗಂಗಮ್ಮ. ಬಾಯಿ ಜೋರು ಎಂದು ಬೀದಿಗೆಲ್ಲ ಹೆಸರಾದವಳು. ನಾನು ಈ ಮನೆಗೆ ಬಂದಾಗ ಪುಸ್ತಕ ನಮ್ಮ ಅತ್ತೆಯ ಕೈಯಲ್ಲಿತ್ತು. ಅವರು ಹೊಸ್ತಿಲ ಒಳಗೆ, ನಾನು ಹೊರಗೆ. ‘ಬಲಗಾಲನಿಟ್ಟು ಬಾ ಬೆಳಗುವ ಸೊಸೆಯೆ, ಒಲೆಯ ಉರಿ ನಿನ್ನದು, ಉಗ್ರಾಣ ನಿನ್ನದು’ ಎಂದು ಓದಿದರು. ಬಾಗಿಲು ‘ಹೂಂ’ ಅಂದ ಹಾಗೆ ಕಿರ್ರೆಂದಿತು, ನಾನು ಒಳಗೆ ಬಂದೆ. ಉಗ್ರಾಣದ ಬೀಗದ ಕೈ ಮಾತ್ರ ಅತ್ತೆ ಸಾಯುವವರೆಗೂ ನನ್ನ ಕೈಗೆ ಬರಲಿಲ್ಲ, ಅದು ಬೇರೆ ಮಾತು.

ಅವರು ತೀರಿಕೊಂಡ ಮೇಲೆ ಪುಸ್ತಕ ನನಗೆ ಬಂತು. ಪುಸ್ತಕ ಕೈ ಬದಲಾಯಿಸಿತೆಂದರೆ ಮನೆ ಹಿಂದೆ ಓದಿದ್ದನ್ನೆಲ್ಲ ಮರೆತುಬಿಡುತ್ತದೆ. ಹೊಸ ಯಜಮಾನಿ ಒಬ್ಬಳ ಹೊರತು ಉಳಿದವರೆಲ್ಲ ಬೀದಿಗಿಳಿದು ಮತ್ತೆ ಓದಿಸಿಕೊಳ್ಳಬೇಕು. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಯಜಮಾನರು ಹೆಗಲ ಮೇಲೆ ಟವಲು ಹಾಕಿಕೊಂಡು ಕೋಳಿ ಕದ್ದವರ ಹಾಗೆ ಆಚೆ ನಿಂತಿದ್ದರು. ಅಲ್ಲಿಯವರೆಗೆ ‘ಮಗ’ ಪುಟದಲ್ಲಿದ್ದ ಮನುಷ್ಯ ಅವತ್ತು ನನ್ನ ಬಾಯಲ್ಲಿ ‘ಗಂಡ’ ಪುಟಕ್ಕೆ ಬಂದರು. “ಬೇಗ ಓದೇ, ಜನ ನೋಡ್ತಾವ್ರೆ” ಅಂದರು. ನೋಡಲಿ ಎಂದು ನಾನು ರಾಗವಾಗಿಯೇ ಓದಿದೆ. ಅವರ ಪಕ್ಕದಲ್ಲಿ ನಮ್ಮ ಒಬ್ಬನೇ ಮಗ ಉಮಾಪತಿ, ಕೈಯಲ್ಲಿ ಹಾಲಿನ ಲೋಟ ಹಿಡಿದು ಕುಣಿಯುತ್ತ ನಿಂತಿದ್ದ. ‘ಮಗ’ ಪದ್ಯ ಮುಗಿಯುವ ಮೊದಲೇ ಒಳಗೆ ನುಗ್ಗಿ ಅಷ್ಟೂ ಹಾಲನ್ನು ಪುಟದ ಮೇಲೆ ಚೆಲ್ಲಿದ. ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಈಗ ಆ ಕಲೆಯ ಮೇಲೆ ಕೈ ಆಡಿಸುತ್ತೇನೆ.

ಎಲ್ಲಿಗೆ ಹೋದರೂ ಸಂಜೆಗೆ ಬಾ ಮಗನೆ,
ಇಲ್ಲಿದೆ ನಿನ್ನ ತಣಿಗೆ, ನಿನ್ನ ಮಣೆ;
ಇಲ್ಲವೆಂದೆಂದಿಗೂ ಬಾಗಿಲು ಹಾಕದು
ಬಲ್ಲೆನು ನಿನ್ನ ಹೆಜ್ಜೆ ಎನುವ ಮನೆ.

ಉಮಾಪತಿ ದೊಡ್ಡವನಾಗಿ ಎಣ್ಣೆ ಗಾಣದ ಮಿಲ್ಲಿಗೆ ಕೆಲಸಕ್ಕೆ ಸೇರಿದ. ಸಂಜೆ ಮಿಲ್ಲಿನ ಕೂಗು ಆಯಿತೆಂದರೆ ಎಣ್ಣೆ ಮೆತ್ತಿದ ಕಾಲಲ್ಲಿ ಬರುತ್ತಿದ್ದ. ಒರೆಸಿದ ನೆಲದ ಮೇಲೆ ಆ ಕಾಲಿಟ್ಟರೆ ನನಗೆ ಮೈ ಉರಿಯುತ್ತಿತ್ತು. “ಮುಂಬಾಗ್ಲಲ್ಲಿ ಬಂದ್ರೆ ಕಾಲ್ ಮುರೀತೀನಿ, ಹಿತ್ಲಿಂದ ಬಾ, ಕಾಲ್ ತೊಳ್ಕೊಂಡ್ ಬಾ” ಎಂದು ದಿನಾ ಕೂಗುತ್ತಿದ್ದೆ. ದಾಕ್ಷಾಯಿಣಿ ಸೊಸೆಯಾಗಿ ಬಂದ ಮೇಲೂ ಹಾಗೇ ಕೂಗಿದೆ. ಅವರಿಗೆ ವೇಣಿ ಹುಟ್ಟಿದ ಮೇಲೂ ಕೂಗಿದೆ. ವೇಣಿ ಇನ್ನೂ ತೊಟ್ಟಿಲಲ್ಲಿದ್ದಾಗ ಕೆಟ್ಟ ಜ್ವರವೊಂದು ಬಂದು ವಾರದೊಳಗೆ ಅವನನ್ನು ಕೊಂಡೊಯ್ದಿತು. ನನ್ನ ಯಜಮಾನರು ಅಷ್ಟರಲ್ಲಿ ಹೋಗಿಯಾಗಿತ್ತು. ಅವರು ನೋಡಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಸತ್ತವರನ್ನು ಕಳಿಸಿಕೊಡುವ ಪದ್ಯ ಆ ಪುಸ್ತಕದಲ್ಲಿಲ್ಲ. ಹಾಗಾಗಿ ಮನೆ ಅವರನ್ನು ಮರೆಯುವುದೂ ಇಲ್ಲ. ನನ್ನ ಯಜಮಾನರ ಲೆಕ್ಕದಲ್ಲಿ ಅಟ್ಟ ಅವರು ಹೋದ ಮೇಲೂ ಬೆಳಗಿನ ಜಾವ ಒಮ್ಮೆ ಕೆಮ್ಮುತ್ತಿತ್ತು. ಉಮಾಪತಿಯ ಲೆಕ್ಕದಲ್ಲಿ ಮಿಲ್ಲು ಕೂಗಿದ ಕೂಡಲೇ ಹಿತ್ತಿಲ ಬಾಗಿಲ ಚಿಲಕ ತಾನಾಗಿ ಸರಿಯುತ್ತಿತ್ತು. ‘ಟಕ್’. ಬಾಗಿಲು ಒಂದು ಗೇಣು ತೆರೆದುಕೊಳ್ಳುತ್ತಿತ್ತು. ನಾನೂ ದಾಕ್ಷಿಯೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅತ್ತ ನೋಡುತ್ತಿದ್ದೆವು. ಯಾರೂ ಬರುವುದಿಲ್ಲ ಅನ್ನುವುದು ಗೊತ್ತೇ ಇತ್ತು. ಆದರೂ ಇಡೀ ದಿನದಲ್ಲಿ ನನಗೆ ಮಗ ಇದ್ದ ಹೊತ್ತು ಅದೊಂದೇ.

ದಾಕ್ಷಿ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿದು ಸಂಸಾರ ತೂಗಿಸಿದಳು. ಮಾತು ಕಡಿಮೆ, ನನ್ನ ಬೈಗುಳ ಕೇಳಿ ಮೂಗಿನೊಳಗೆ ನಗುವವಳು. ನಮ್ಮಿಬ್ಬರದು ಅತ್ತೆ ಸೊಸೆಯ ಜಗಳವೂ ಹೌದು, ಒಬ್ಬರ ತಟ್ಟೆಯಿಂದ ಒಬ್ಬರು ಉಪ್ಪಿನಕಾಯಿ ಕದಿಯುವ ಸಲಿಗೆಯೂ ಹೌದು. ಒಂದು ದಿನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅವಳು ತಲೆಯೆತ್ತದೆ ಹೇಳಿದಳು.

“ಅತ್ತೆ, ಒಂದ್ ಮಾತಿತ್ತು.”

“ಹೇಳು. ನಿನ್ ಬಾಯಿಗೇನ್ ನಾನು ಬೀಗ ಹಾಕಿದೀನಾ?”

“ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಬಸ್ ಕೂಗ್ತಾರಲ್ಲ, ಷಡಕ್ಷರಿ ಅಂತ. ಮೈಕಿನ ಗವಸು ಹರಿದಿದೆ ಅಂತ ಹೊಲಿಸ್ಕೊಂಡ್ ಹೋದ್ರು. ಆಮೇಲೆ ಹರೀದಿದ್ರೂ ಬಂದ್ರು. ಮದುವೆ ಆಗ್ತೀಯಾ ಅಂತ ಕೇಳಿದಾರೆ.”

“ನೀನೇನಂದೆ?”

“ಅತ್ತೆನ ಕೇಳ್ಬೇಕು ಅಂದೆ.”

ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ಎಳೆದು ಹಾಕಿಕೊಂಡು ತಿಕ್ಕಿದೆ. ಒಂದು ತಂಬಿಗೆ ನೆಗ್ಗಿಹೋಯಿತು. ಆಮೇಲೆ ಕೈ ಸೋತಾಗ ಬುದ್ಧಿ ಬಂತು. ಸತ್ತವನು ನನ್ನ ಮಗ, ಅವಳಲ್ಲ. ಬದುಕಿರುವ ಹೆಣ್ಣನ್ನು ಗಂಡನ ಫೋಟೋದ ಪಕ್ಕ ಇನ್ನೊಂದು ಫೋಟೋ ಮಾಡಿ ನೇತುಹಾಕಲೇ ನಾನು? ಸೆರಗಿಗೆ ಕೈ ಒರೆಸಿಕೊಂಡು ಬಂದೆ. “ಆಗು. ಚೆನ್ನಾಗಿ ಆಗು. ಆದ್ರೆ ಈ ಮನೆ ಬಿಟ್ಟು ಹೋಗ್ಬೇಡ ಕಣೇ. ನೀನೂ ವೇಣೀನೂ ಹೋದ್ರೆ ನಾನು ಯಾರನ್ನ ಬೈಯ್ಲಿ?” ಅಂದೆ. ಅಂದ ಮೇಲೆ ನನಗೇ ಅಳು ಬಂತು, ಅವಳೂ ಅತ್ತಳು. ಅವರೆಕಾಳು ಒಲೆಯ ಮೇಲೆ ಸೀದಿತು.

ಷಡಕ್ಷರಿ ಊಟಕ್ಕೆ ಬಂದ. ಊರಿಗೆಲ್ಲ ಕೇಳುವ ಹಾಗೆ ಬಸ್ಸು ಕೂಗುವವನು ನನ್ನೆದುರು ‘ಸಾರು ಬಡಿಸಿ’ ಎನ್ನಲೂ ಸ್ವರ ಹೊರಡದೆ ತಟ್ಟೆ ನೋಡುತ್ತ ಕೂತ. ತಂದೆ ತಾಯಿ ಇಲ್ಲದವನು, ಒಬ್ಬ ಅಕ್ಕ ಬೇರೆ ಊರಿನಲ್ಲಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತಿದ್ದ. ಹುಡುಗ ನನಗೆ ಹಿಡಿಸಿದ. ಮದುವೆಯೂ ಸುಲಭವಾಗಿಯೇ ಆಯಿತು. ತೊಡಕು ಶುರುವಾದದ್ದು ಹೊಸ್ತಿಲಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗೆ. ನಾನು ಒಪ್ಪಿದ್ದೆ, ಮನೆ ಒಪ್ಪಬೇಕಲ್ಲ. ಪದ್ಯಾವಳಿಯನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದೆ. ಅಜ್ಜನಿಗೆ ಇದೆ, ಸೋದರತ್ತೆಗೆ ಇದೆ, ದತ್ತು ಮಗುವಿಗೆ ಇದೆ, ದನಕ್ಕೂ ಇದೆ. ಸೊಸೆಯ ಗಂಡನಿಗೆ ಇಲ್ಲ. ಸೊಸೆಯ ಗಂಡ ಎಂದರೆ ಮಗನೇ ಆಗಿರಬೇಕು ಎಂದು ಆ ಪುಣ್ಯಾತ್ಮ ತಿಳಿದಿದ್ದ.

ಪಕ್ಕದ ಮನೆಯ ಮುದ್ದವೀರಮ್ಮ ನನ್ನ ವಾರಗೆಯವಳು, ಗೋಡೆಯಾಚೆಯಿಂದಲೇ ಸಲಹೆ ಕೊಡುವವಳು. “ಅದಕ್ಯಾಕಷ್ಟು ತಲೆ ಕೆಡಿಸ್ಕೊಂತೀಯ? ಸೊಸೆ ಮಗಳಿದ್ದಂಗೆ. ಮಗಳ ಗಂಡ ಅಳಿಯ. ಅಳಿಯನ ಪದ್ಯ ಓದು” ಅಂದಳು. ನನಗೂ ಅದು ಸರಿ ಕಂಡಿತು. ದೀಪ ಹಚ್ಚಿ, ಇಬ್ಬರನ್ನೂ ಆಚೆ ನಿಲ್ಲಿಸಿ ಓದಿದೆ.

ಬಂದ ಅಳಿಯಗೆ ಬೆಲ್ಲ ಹಾಲಿರಲಿ,
ಮಂದಹಾಸದ ಮಾತು ಮೇಲಿರಲಿ,
ಬಂದ ಹಾದಿಯ ನೆನಪು ಮನದಲಿರಲಿ,
ಚಂದದಿ ಮಗಳೊಡನೆ ಹೊರಟಿರಲಿ.

ಬಾಗಿಲು ‘ಹೂಂ’ ಅಂದದ್ದೇ ಅಂದದ್ದು. ಆ ಮೊದಲ ದಿನಗಳ ಉಪಚಾರ ಏನು ಕೇಳುತ್ತೀರಿ! ಷಡಕ್ಷರಿ ಬಚ್ಚಲಿಗೆ ಹೋಗುವ ಮೊದಲೇ ನೀರು ಕಾದಿರುತ್ತಿತ್ತು. ಉಯ್ಯಾಲೆ ಅವನು ಕೂತ ಕೂಡಲೇ ತಾನಾಗಿ ತೂಗುತ್ತಿತ್ತು. ನನಗೆ ಇಷ್ಟು ವರ್ಷದಲ್ಲಿ ಒಂದು ದಿನ ತೂಗದ ಉಯ್ಯಾಲೆ ಅದು! ದಾಕ್ಷಿ ಒಲೆ ಹಚ್ಚಲು ಹೋದರೆ ಕಡ್ಡಿ ಹತ್ತುತ್ತಿರಲಿಲ್ಲ. ತವರಿಗೆ ಬಂದ ಮಗಳಿಂದ ಕೆಲಸ ಮಾಡಿಸಬಾರದಂತೆ, ಮನೆಗೆ ಅಷ್ಟು ಮರ್ಯಾದೆ. “ನಂಗಿದು ಚೆನ್ನಾಗೇ ಇದೆ ಅತ್ತೆ” ಎಂದು ಅವಳು ಮೂಗಿನೊಳಗೆ ನಕ್ಕಳು. ಎರಡು ಹೊತ್ತಿನ ಅಡಿಗೆಯೂ ನನ್ನ ತಲೆಗೇ ಬಂತು.

ಆ ದಿನಗಳಲ್ಲೇ ಒಂದು ಸಂಜೆ ಮಿಲ್ಲು ಕೂಗಿತು, ಚಿಲಕ ‘ಟಕ್’ ಎಂದಿತು, ಹಿತ್ತಿಲ ಬಾಗಿಲು ತೆರೆದುಕೊಂಡಿತು. ಗಾಳಿಗೆ ತೆರೆಯಿತೆಂದು ಷಡಕ್ಷರಿ ಎದ್ದು ಹೋಗಿ ಮುಚ್ಚಲು ಕೈ ಹಾಕಿದ. “ಮುಟ್ಬೇಡ!” ಎಂದು ನಾನು ಕಿರುಚಿದ ರಭಸಕ್ಕೆ ವೇಣಿ ಬೆಚ್ಚಿ ಅತ್ತಳು. ದಾಕ್ಷಿ ಅವನನ್ನು ಆಚೆ ಕರೆದುಕೊಂಡು ಹೋಗಿ ಏನೋ ಹೇಳಿದಳು. ಅವನು ತಿರುಗಿ ಬಂದು ನನ್ನ ಕಡೆ ನೋಡದೆ ಮೂಲೆಯಲ್ಲಿ ಕೂತ. ಮರುದಿನದಿಂದ ಆ ಹೊತ್ತಿಗೆ ಅವನು ಕೈಯಲ್ಲಿದ್ದ ಪೇಪರು ಮಡಿಸಿಟ್ಟು ಸುಮ್ಮನಿರುತ್ತಿದ್ದ.

ಉಪಚಾರ ಬಹಳ ದಿನ ನಡೆಯಲಿಲ್ಲ. ಅಳಿಯನಾದವನು ಹೊರಡಬೇಕಲ್ಲ, ಪದ್ಯದಲ್ಲೇ ಹಾಗಿದೆ. ಒಂದು ಬೆಳಿಗ್ಗೆ ಷಡಕ್ಷರಿಯ ಚಪ್ಪಲಿ ಬೀದಿಗೆ ಮುಖ ಮಾಡಿ ಕೂತಿದ್ದವು. ಮರುದಿನ ದಾಕ್ಷಿಯ ಟ್ರಂಕು ತಾನಾಗಿ ಜಾರಿಕೊಂಡು ಪಡಸಾಲೆಗೆ ಬಂದಿತ್ತು. ಆಮೇಲೆ ಅವರಿಬ್ಬರಿಗೂ ಹಾಸಿಗೆ ಗಂಟಾಯಿತು, ನೀರು ತಣ್ಣಗಾಯಿತು. ಬಾಗಿಲವಾಡ ಷಡಕ್ಷರಿಯ ಹಣೆಯ ಮೇಲೆ ದೊಡ್ಡ ನಿಂಬೆಕಾಯಿ ಎಬ್ಬಿಸಿತು. ಕೊನೆಗೆ ಹೊಲಿಗೆ ಮಿಷನ್ನೂ ಹೊಸ್ತಿಲ ತನಕ ಬಂದಾಗ ನಾನು ಗೋಡೆಗೆ ಪೊರಕೆಯಲ್ಲಿ ಬಾರಿಸಿದೆ. “ಇವಳು ನಿನ್ ಸೊಸೆ ಕಣೋ ಮುಠ್ಠಾಳ! ಮಗಳಲ್ಲ, ಸೊಸೆ!” ಎಂದೆ. ಬಾಯಲ್ಲಿ ಹೇಳಿದರೆ ಮನೆ ಕೇಳುತ್ತದೆಯೇ? ಮತ್ತೆ ಪುಸ್ತಕ ಹಿಡಿದು ದಾಕ್ಷಿಗೆ ‘ಸೊಸೆ’ ಪದ್ಯ ಓದಿ ಅವಳನ್ನು ಒಳಗೆ ಮಾಡಿಕೊಂಡೆ. ಷಡಕ್ಷರಿ ಆಚೆಯೇ ಉಳಿದ. ಬಸ್ ಸ್ಟ್ಯಾಂಡಿನ ಕೋಣೆಗೆ ವಾಪಸು ಹೋಗಿ ಒಬ್ಬನೇ ಅನ್ನ ಬೇಯಿಸಿಕೊಂಡ, ಮದುವೆಯಾದ ಗಂಡು!

ಮುದ್ದವೀರಮ್ಮ ಗೋಡೆಯಾಚೆಯಿಂದ ಮತ್ತೆ ತಲೆಯೆತ್ತಿದಳು. ಈ ಸಲ ಮೆತ್ತಗೆ ಮಾತಾಡಿದಳು. “ಗಂಗೂ, ನಿಂಗೂ ಗೊತ್ತು. ಇರೋದು ಒಂದೇ ದಾರಿ. ‘ಮಗ’ ಪದ್ಯ ಓದಿಬಿಡು.”

ಅದು ನನಗೆ ಮೊದಲೇ ಹೊಳೆದಿತ್ತು. ಹೊಳೆದದ್ದನ್ನು ಹೊಳೆಯಲೇ ಇಲ್ಲ ಎಂಬಂತೆ ಇದ್ದೆ. ‘ಮಗ’ ಪದ್ಯದ ಕಟ್ಟಳೆ ಹೀಗಿದೆ. ಎಷ್ಟು ಗಂಡು ಮಕ್ಕಳಿದ್ದರೂ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಒಂದೇ ಸಲ ಓದಬೇಕು. ಇನ್ನೊಬ್ಬ ಹುಟ್ಟಿದರೆ ಮತ್ತೆ ಎಲ್ಲರನ್ನೂ ನಿಲ್ಲಿಸಬೇಕು. ನಿಲ್ಲದೆ ತಪ್ಪಿಸಿಕೊಂಡವನನ್ನು ಮನೆ ಮರೆಯುತ್ತದೆ. ಸತ್ತವನನ್ನು ಹೊಸ್ತಿಲಾಚೆ ಎಲ್ಲಿಂದ ತಂದು ನಿಲ್ಲಿಸಲಿ? ಷಡಕ್ಷರಿಗೆ ಆ ಪದ್ಯ ಓದಿದ ಗಳಿಗೆಯಿಂದ ಸಂಜೆಯ ಆ ಚಿಲಕ ಸರಿಯುವುದಿಲ್ಲ. ಅಂದರೆ ನನ್ನ ಬಾಯಿಂದಲೇ ನಾನು ನನ್ನ ಮಗನನ್ನು ಅಳಿಸಬೇಕು.

ಆದರೂ ಪ್ರಯತ್ನ ಮಾಡಿದೆ. ದಾಕ್ಷಿಯ ಮುಖ ನೋಡಲಾರದೆ ಮಾಡಿದೆ. ಷಡಕ್ಷರಿಯನ್ನು ಕರೆಸಿ ಹೊಸ್ತಿಲಾಚೆ ನಿಲ್ಲಿಸಿದೆ, ಹಾಲಿನ ಕಲೆಯ ಪುಟ ತೆರೆದೆ. ‘ಎಲ್ಲಿಗೆ ಹೋದರೂ’ ಎಂದು ನಿಲ್ಲಿಸಿದೆ. ಇನ್ನೊಮ್ಮೆ ಶುರು ಮಾಡಿದೆ. ಊರೆಲ್ಲ ಹೆದರುವ ನನ್ನ ಬಾಯಿ ಅದು, ಒಂದು ಸಾಲು ದಾಟಲಿಲ್ಲ. ಷಡಕ್ಷರಿ ಹಣೆಯ ನಿಂಬೆಕಾಯಿ ಮುಟ್ಟಿಕೊಳ್ಳುತ್ತ ಮೆಲ್ಲಗೆ ಹೇಳಿದ.

“ಬೇಡ ಬಿಡಿ ಅಮ್ಮಾ. ಟವಲ್ ಹಾಕಿರೋ ಸೀಟು ಅದು. ನಾನು ಬಸ್ ಸ್ಟ್ಯಾಂಡಿನೋನು, ಇನ್ನೊಬ್ರ ಟವಲ್ ತೆಗ್ದು ಕೂರಲ್ಲ.”

“ಮತ್ತೆ ನೀನೆಲ್ಲಿ ಕೂರ್ತೀಯೋ?”

“ನಮ್ ಅಕ್ಕನ ಊರಲ್ಲಿ ಕೆಲಸ ಇದೆಯಂತೆ. ಮನೇನೂ ಇದೆಯಂತೆ. ಅಲ್ಲಿ ಮನೆಗೆ ಏನೂ ಓದಬೇಕಾಗಿಲ್ಲ. ದಾಕ್ಷಿನೂ ವೇಣಿನೂ ಕರ್ಕೊಂಡ್ ಹೋಗ್ತೀನಿ. ನೀವೂ ಬನ್ನಿ.”

“ಕಿವುಡು ಮನೇಲಿ ನಾನಿರಲ್ಲ” ಎಂದು ಪುಸ್ತಕ ಮುಚ್ಚಿದೆ. ನಾನು ಹೋದರೆ ಸಂಜೆಯ ಆ ಬಾಗಿಲು ಯಾರಿಗಾಗಿ ತೆರೆಯಬೇಕು? ಅದನ್ನು ಅವನೆದುರು ಹೇಳಲಿಲ್ಲ, ಹೇಳದಿದ್ದರೂ ಅವನಿಗೆ ತಿಳಿಯಿತು. ದಾಕ್ಷಿ ಅವತ್ತಿನಿಂದ ಬಟ್ಟೆ ಮಡಿಸತೊಡಗಿದಳು. ಒಂದು ಸೀರೆ ಮಡಿಸುವುದು, ಕಿಟಕಿಯಲ್ಲಿ ನಿಲ್ಲುವುದು, ಅದನ್ನೇ ಬಿಚ್ಚಿ ಮತ್ತೆ ಮಡಿಸುವುದು. ಒಂದು ಬೆಳಿಗ್ಗೆ ವೇಣಿ ತನ್ನ ಮರದ ಗೊಂಬೆಗೆ ನಮ್ಮ ಹೊಸ್ತಿಲಲ್ಲಿ ನಿಂತು ಯಾವುದೋ ಪದ್ಯ ಓದಿದ ಹಾಗೆ ಬಾಯಿ ಆಡಿಸಿ, “ಅಜ್ಜಿ, ಇವಳು ಇಲ್ಲೇ ಇರ್ತಾಳೆ. ನಿಂಗೆ ಜೊತೆಗೆ” ಅಂದಳು.

ಅವತ್ತು ಮಧ್ಯಾಹ್ನ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪುಟ ತಿರುವುತ್ತ ತಿರುವುತ್ತ ‘ಗಂಡ’ ಪುಟ ಬಂತು. ಟವಲು ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದ ನನ್ನ ಯಜಮಾನರು ಕಣ್ಣ ಮುಂದೆ ಬಂದರು. ಅದೇ ಮನುಷ್ಯ ಅತ್ತೆಯ ಕೈಯಲ್ಲಿ ಪುಸ್ತಕ ಇದ್ದಾಗ ಮಗ, ನನ್ನ ಕೈಗೆ ಬಂದಾಗ ಗಂಡ. ಷಡಕ್ಷರಿಗೆ ಪದ್ಯ ಇಲ್ಲದ್ದು ನಾನು ಓದುವುದರಿಂದ. ದಾಕ್ಷಿ ಓದಿದರೆ ಇದೆ. ಇಷ್ಟು ಸರಳ ಸಂಗತಿ ನನಗಾಗಲಿ, ಗೋಡೆಯಾಚೆಯ ಆ ಮಹಾ ಬುದ್ಧಿವಂತೆಗಾಗಲಿ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮೂರಿನಲ್ಲಿ ಬದುಕಿರುವ ಯಾವ ಯಜಮಾನಿಯೂ ಪುಸ್ತಕ ಬಿಟ್ಟುಕೊಟ್ಟವಳಲ್ಲ. ಉಸಿರು ನಿಂತ ಮೇಲೆ ಬೆರಳು ಬಿಡಿಸಿ ತೆಗೆದುಕೊಳ್ಳಬೇಕು, ಹಾಗೆ ಹಿಡಿದಿರುತ್ತೇವೆ. ಕೊಟ್ಟವಳು ಬೀದಿಗಿಳಿದು ಸೊಸೆಯ ಬಾಯಿಂದ ಓದಿಸಿಕೊಂಡು ಒಳಗೆ ಬರಬೇಕಲ್ಲ, ಆ ಅವಮಾನ ಯಾರಿಗೆ ಬೇಕು? ಅಷ್ಟೇ ಅಲ್ಲ. ಪುಸ್ತಕ ಕೈ ಬದಲಾಯಿಸಿದರೆ ನಾನು ಓದಿದ್ದೆಲ್ಲ ಅಳಿಯುತ್ತದೆ. ಅಟ್ಟದ ಕೆಮ್ಮು ಹೋಗಲಿ, ಬದುಕಿದ್ದಾಗಲೇ ಅದನ್ನು ಸಾಕಷ್ಟು ಕೇಳಿದ್ದೆ. ಚಿಲಕವೂ ಹೋಗುತ್ತದೆ. ಮಗನ ಪದ್ಯವನ್ನು ಇನ್ನೊಬ್ಬನಿಗೆ ಓದುವ ಪಾಪ ತಪ್ಪುತ್ತದೆ ನಿಜ, ಮಗ ಮಾತ್ರ ಹೇಗಿದ್ದರೂ ಹೋಗುತ್ತಾನೆ.

ಸಂಜೆ ಹಿತ್ತಿಲ ಬಾಗಿಲಿಗೆ ಎದುರಾಗಿ ಮಣೆ ಹಾಕಿಕೊಂಡು ಕೂತೆ. ಮಿಲ್ಲು ಕೂಗಿತು. ‘ಟಕ್’. ಬಾಗಿಲು ಒಂದು ಗೇಣು ತೆರೆಯಿತು. ಕಾಲು ತೊಳೆಯುವ ಕಲ್ಲು, ತುಳಸಿ, ಒಣಗಲು ಹಾಕಿದ ವೇಣಿಯ ಲಂಗ ಕಂಡವು. “ಬಂದ್ಯೇನಪ್ಪಾ ಉಮಾಪತಿ” ಅಂದೆ. “ನೋಡು, ನಿನ್ನ ಹೆಂಡ್ತಿ ಮಗಳು ಹೊರಟು ನಿಂತವ್ರೆ. ನಿನ್ನ ಇಟ್ಕಂಡ್ರೆ ಅವರು ಹೋಗ್ತಾರೆ. ಅವರನ್ನ ಇಟ್ಕಂಡ್ರೆ ನೀನು ಹೋಗ್ತೀಯ. ನಾನೇನ್ ಮಾಡ್ಲಿ ಹೇಳು.” ಲಂಗ ಗಾಳಿಗೆ ಆಡಿತು. “ಇಷ್ಟ್ ವರ್ಷ ನಿನ್ನ ಹಿತ್ಲಿಂದ ಬಾ ಹಿತ್ಲಿಂದ ಬಾ ಅಂತ ಬೈದೆ ಕಂದಾ. ಇವತ್ತೊಂದಿನ ಮುಂಬಾಗ್ಲಲ್ಲೇ ಬಾರೋ. ಎಣ್ಣೆ ಕಾಲಲ್ಲೇ ಬಾ. ನಾನೇನೂ ಅನ್ನಲ್ಲ.” ಅಷ್ಟು ಹೇಳಿ ಜೋರಾಗಿಯೇ ಅತ್ತೆ. ದಾಕ್ಷಿ ಒಳಗಿನಿಂದ ಬಂದು ನನ್ನ ಬೆನ್ನ ಹಿಂದೆ ಕೂತಳು.

ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡೆ. ಷಡಕ್ಷರಿಯನ್ನು ಕರೆಸಿದೆ. ದಾಕ್ಷಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು. ಆ ಹಗ್ಗ ಕಿತ್ತುಕೊಂಡು ಅವಳ ಎರಡೂ ಕೈಗೆ ಪದ್ಯಾವಳಿ ಇಟ್ಟೆ.

“ಹಿಡ್ಕೋ. ಬೀಳಿಸ್ಬೇಡ, ಬೆನ್ನಿನ ದಾರ ಸಡಿಲ ಇದೆ.”

ಅವಳಿಗೆ ಅರ್ಥವಾಗುವ ಮೊದಲೇ ವೇಣಿಯ ಕೈ ಹಿಡಿದು ಹೊಸ್ತಿಲು ದಾಟಿದೆ. ಬೆನ್ನ ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ನಾನು ಸಾರಿಸಿ ಗುಡಿಸಿ ಒರೆಸಿದ ಮನೆ, ನನ್ನ ಮುಖಕ್ಕೇ! “ಕೃತಘ್ನ” ಅಂದೆ ಬಾಗಿಲಿಗೆ. ಷಡಕ್ಷರಿ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದ. “ನಿಂಗೊಬ್ಬಂಗೇ ಏನು ಬೀದಿ ಬರ್ಕೊಟ್ಟಿದಾರಾ? ಸರ್ಕೋ ಆಕಡೆ” ಎಂದು ಅವನ ಪಕ್ಕ ನಿಂತೆ. ಮುದ್ದವೀರಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು. “ಅಯ್ಯೋ ಶಿವನೇ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಇವಳು ತನ್ನ ಕಾಲಾನೂ ಸೊಸೆಗೇ ಕೊಟ್ಟಳಲ್ಲಮ್ಮಾ!” ಬೀದಿಯ ಅರ್ಧ ಜನ ಸೇರಿದರು. ಬದುಕಿರುವ ಯಜಮಾನಿ ಬೀದಿಯಲ್ಲಿ ನಿಂತದ್ದನ್ನು ಯಾರೂ ನೋಡಿರಲಿಲ್ಲ.

ಬಾಗಿಲು ತೆರೆದು ದಾಕ್ಷಿ ಹೊಸ್ತಿಲ ಒಳಗೆ ನಿಂತಳು. ಮುಖವೆಲ್ಲ ಒದ್ದೆಯಾಗಿತ್ತು, ಪುಸ್ತಕ ಎದೆಗೆ ಒತ್ತಿಕೊಂಡಿದ್ದಳು. “ಅಳೋದು ಆಮೇಲೆ. ಮೊದ್ಲು ಓದು, ಬಿಸಿಲು ಏರ್ತಾ ಇದೆ” ಎಂದು ಗದರಿಸಿದೆ. ಅವಳು ‘ಗಂಡ’ ಪುಟ ತೆರೆದಳು. ‘ದುಡಿದು ಬಂದವಗೊಂದು ಗುಟುಕು ನೀರಿರಲಿ, ಸಿಡುಕಿದರು ಮರುಗಳಿಗೆ ನಗೆಯ ಮೋರೆಯಿರಲಿ.’ ಬಾಗಿಲು ‘ಹೂಂ’ ಅಂದಿತು. ಷಡಕ್ಷರಿ ಅಭ್ಯಾಸದಂತೆ ಹಣೆಗೆ ಕೈ ಅಡ್ಡ ಹಿಡಿದು ಬಗ್ಗಿ ಒಳಗೆ ಹೋದ. ಬಾಗಿಲವಾಡ ಬಡಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ‘ಮಗಳು’ ಪದ್ಯಕ್ಕೆ ವೇಣಿ ಗೊಂಬೆಯನ್ನೂ ಎತ್ತಿಕೊಂಡು ಒಳಗೆ ಹಾರಿದಳು.

ನಾನೊಬ್ಬಳೇ ಉಳಿದೆ. ‘ಅತ್ತೆ’ ಪದ್ಯ ನನಗೆ ಗೊತ್ತಿತ್ತು. ಇಡೀ ಪುಸ್ತಕದಲ್ಲಿ ಸುಕ್ಕಿಲ್ಲದ ಕಲೆಯಿಲ್ಲದ ಪುಟ ಅದೊಂದೇ. ಸೊಸೆಯ ಕೈಗೆ ಪುಸ್ತಕ ಬರುವ ಹೊತ್ತಿಗೆ ಅತ್ತೆ ಎಲ್ಲಿರುತ್ತಾಳೆ ಓದಿಸಿಕೊಳ್ಳಲು? ‘ಹಿರಿಯಳು ಬಂದಳು ದಾರಿ ಬಿಡಿ’ ಎಂದೇನೋ ಶುರುವಾಗುವ ಬಿಗುವಿನ ಪದ್ಯ. ಅದಕ್ಕೆ ತಕ್ಕ ಹಾಗೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ನಿಂತೆ. ದಾಕ್ಷಿ ಪುಟ ತಿರುವಿದಳು. ‘ಅತ್ತೆ’ ದಾಟಿತು, ಇನ್ನೂ ತಿರುವಿದಳು.

“ಏ, ಪುಟ ತಪ್ಪಿದೀಯ ಕಣೆ. ಹಿಂದಕ್ಕೆ ಹೋಗು.”

“ಸುಮ್ನಿರಿ ಅತ್ತೆ. ಪುಸ್ತಕ ನನ್ ಕೈಲಿದೆ.”

ತಾಯಿ ಬಂದಳು ಮನೆಯೆ, ಕದವ ತೆರೆ,
ಬಾಯಿ ಬೈದರು ಕೈಯಿ ಹಾಲಿನ ತೊರೆ;
ನೋಯಿಸಿದ ಮಾತೆಲ್ಲ ಮರೆ ಮನೆಯೆ ಮರೆ,
ಆಯಿ ಎನ್ನಲು ನಿನಗೆ ಇವಳೆ ಆಸರೆ.

ಎರಡನೆಯ ಸಾಲಿಗೆ ಇಡೀ ಬೀದಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನೋ ಅತ್ತೆನೋ ನನಗೆ ನೆನಪಿಲ್ಲ. ಬಾಗಿಲು ‘ಹೂಂ’ ಅಂದದ್ದು ಕೇಳಿಸಿತು. ದಾಕ್ಷಿ ಕೈ ಚಾಚಿದಳು, ಬಲಗಾಲಿಟ್ಟು ಒಳಗೆ ಬಂದೆ. ಉಗ್ರಾಣದ ಬೀಗದ ಕೈ ಸೊಂಟದಿಂದ ಬಿಚ್ಚಿ ಅವಳಿಗೆ ಕೊಟ್ಟೆ.

ಅವತ್ತು ಪಾಯಸ ಮಾಡಿದೆವು. ಒಲೆ ದಾಕ್ಷಿಗೂ ಹತ್ತಿತು, ನನಗೂ ಹತ್ತಿತು. ಉಯ್ಯಾಲೆ ಯಾರಿಗೂ ತೂಗಲಿಲ್ಲ, ವೇಣಿ ಕಾಲಿಂದ ಒದ್ದು ತೂಗಿಕೊಂಡಳು. ಟ್ರಂಕಿನ ಬಟ್ಟೆ ಮತ್ತೆ ಗೂಟ ಸೇರಿತು. ಸಂಜೆಯಾಗುತ್ತ ಬಂದಂತೆ ನಾನು ಬೇಕೆಂದೇ ಹಿತ್ತಿಲಿಗೆ ಬೆನ್ನು ಹಾಕಿ ಹೂ ಕಟ್ಟುತ್ತ ಕೂತೆ. ಷಡಕ್ಷರಿ ಮೂಲೆಯಲ್ಲಿ ಪೇಪರು ಓದುತ್ತಿದ್ದ. ದಾಕ್ಷಿ ಮಿಷನ್ ತುಳಿಯುತ್ತಿದ್ದಳು.

ಮಿಲ್ಲು ಕೂಗಿತು. ನನ್ನ ಕೈ ನಿಂತಿತು, ದಾಕ್ಷಿಯ ಮಿಷನ್ನೂ ನಿಂತಿತು. ಚಿಲಕ ಸರಿಯಲಿಲ್ಲ. ಸರಿಯುವುದಿಲ್ಲ ಎಂದು ಗೊತ್ತಿದ್ದೇ ಮಾಡಿದ ಕೆಲಸ ಅದು. ಆದರೂ ಕಿವಿ ಕೇಳಬೇಕಲ್ಲ, ಅದು ಕಾಯುತ್ತಲೇ ಇತ್ತು. ಹೂವಿನ ದಾರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕಣ್ಣು ಮುಚ್ಚಿದೆ.

ಪೇಪರು ಮಡಿಸಿದ ಸದ್ದಾಯಿತು. ಷಡಕ್ಷರಿ ಎದ್ದ. ನನ್ನನ್ನು ಬಳಸಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ಚಿಲಕ ಸರಿಸಿದ. ‘ಟಕ್’. ಬಾಗಿಲನ್ನು ಒಂದು ಗೇಣು ತೆರೆದು ಅಲ್ಲಿಯೇ ಗೋಡೆಗೊರಗಿ ನಿಂತ.

ನಾನು ತಿರುಗಿ ನೋಡಲಿಲ್ಲ. ಅಷ್ಟು ವರ್ಷ ಹೇಳಿದ ಮಾತು ತಾನಾಗಿ ಬಾಯಿಗೆ ಬಂತು.

“ಕಾಲ್ ತೊಳ್ಕೊಂಡ್ ಬಾರೋ, ಊಟಕ್ಕೆ ಹೊತ್ತಾಯ್ತು.”

ಯಾರಿಗೆ ಅಂದೆ ಎಂದು ಷಡಕ್ಷರಿ ಕೇಳಲಿಲ್ಲ. ಹಿತ್ತಿಲಿಗಿಳಿದು, ಆ ಕಲ್ಲಿನ ಮೇಲೆ ನಿಂತು ಎರಡೂ ಕಾಲು ತೊಳೆದುಕೊಂಡು ಒಳಗೆ ಬಂದ.